ನಗರ ಸಿಂಹಾಸನದ ಹುಸಿ ವಾರಸುದಾರರು

ನಗರ ಸಿಂಹಾಸನದ ಹುಸಿ ವಾರಸುದಾರರು ಎಂಬುದು ಕೆಳದಿ ಅರಸುಮನೆತನದ ಹೆಸರನ್ನು ತಮ್ಮದೆಂದು ಹೇಳಿಕೊಂಡು 18 ಮತ್ತು 19ನೆಯ ಶತಮಾನಗಳಲ್ಲಿ ಕಾಣಿಸಿಕೊಂಡ ಇಬ್ಬರು ವ್ಯಕ್ತಿಗಳಿಗೆ ಸಂಬಂಧಿಸಿದ ವಿಷಯ. ಮೊದಲನೆಯವನು 1763ರಲ್ಲಿ ಹೈದರ್ ಅಲಿಯ ಪಾಳೆಯದಲ್ಲಿ, ಸತ್ತನೆಂದು ಎಲ್ಲರೂ ನಂಬಿದ್ದ ಚೆನ್ನಬಸಪ್ಪ ನಾಯಕನೇ ತಾನೆಂದು ಹೇಳಿಕೊಂಡು ಬಂದವನು. ಎರಡನೆಯವನು 1830–31ರ ನಗರ ದಂಗೆಯ ಕಾಲದಲ್ಲಿ ಬೂದಿ ಬಸಪ್ಪ ಎಂಬ ಹೆಸರಿನಿಂದ ನಗರದ ಒಡೆತನಕ್ಕೆ ಹಕ್ಕು ಹೂಡಿದ ಸಾದರ ಮಲ್ಲ. ಈ ಎರಡನೆಯ ಪ್ರಕರಣದಲ್ಲಿ ತರೀಕೆರೆಯ ಪಾಳೆಯಗಾರ ಮನೆತನದವರು ದಂಗೆಯನ್ನು ಸೇರಿಕೊಂಡರು. ದಂಗೆಯು ಅಡಗಿದ ಮೇಲೆ 1831ರಲ್ಲಿ ಬ್ರಿಟಿಷರು ಮೈಸೂರು ಸಂಸ್ಥಾನದ ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡು 50 ವರ್ಷಗಳ ಕಾಲ ನಡೆಸಿದರು.

ಹಿನ್ನೆಲೆ

ಕೆಳದಿ ಸಂಸ್ಥಾನವು ವಿಜಯನಗರದ ಸಾಮಂತರಾಜ್ಯವಾಗಿ ಹುಟ್ಟಿ, ಆ ಸಾಮ್ರಾಜ್ಯದ ಪತನಾನಂತರ ಸ್ವತಂತ್ರವಾಯಿತು. ಅದರ ರಾಜಧಾನಿ ಕೆಳದಿಯಿಂದ ಇಕ್ಕೇರಿಗೂ ಅಲ್ಲಿಂದ ಬಿದನೂರಿಗೂ ಸ್ಥಳಾಂತರಗೊಂಡಿತು. 17ನೆಯ ಶತಮಾನದ ಮಧ್ಯಭಾಗದಲ್ಲಿ ಆಳಿದ ಶಿವಪ್ಪ ನಾಯಕನು ಜಮೀನನ್ನು ಮಣ್ಣಿನ ಗುಣಕ್ಕೆ ತಕ್ಕಂತೆ ದರ್ಜೆಗಳಾಗಿ ವಿಂಗಡಿಸಿ, ಸರಾಸರಿ ಇಳುವರಿಯ ಆಧಾರದ ಮೇಲೆ ಕಂದಾಯವನ್ನು ಗೊತ್ತುಪಡಿಸಿದನು. ಇದೇ ‘ಶಿವಪ್ಪ ನಾಯಕನ ಶಿಸ್ತು’. ಸಂಸ್ಥಾನವು ಅಳಿದ ಮೇಲೂ ರೈತರು ನ್ಯಾಯವಾದ ಕಂದಾಯಕ್ಕೆ ಈ ಶಿಸ್ತನ್ನೇ ಅಳತೆಗೋಲಾಗಿ ಇಟ್ಟುಕೊಂಡಿದ್ದರು. ಮುಂದೆ ನಡೆದ ಘಟನೆಗಳನ್ನು ಅರಿಯಲು ಈ ಸಂಗತಿಯು ಮುಖ್ಯವಾಗಿದೆ. ಕೆಳದಿಯ ಅರಸನ ಹೆಸರೆಂದರೆ ಮಲೆನಾಡಿನ ರೈತನಿಗೆ ಒಂದು ವಂಶದ ಹೆಸರಷ್ಟೇ ಆಗಿರಲಿಲ್ಲ, ಅದು ಒಂದು ಕಂದಾಯ ಪದ್ಧತಿಯ ನೆನಪೂ ಆಗಿತ್ತು.

1755ರ ಆಸುಪಾಸಿನಲ್ಲಿ ಬಸಪ್ಪ ನಾಯಕನು ತೀರಿಕೊಂಡಾಗ ಅವನಿಗೆ ಔರಸ ಪುತ್ರರಿರಲಿಲ್ಲ. ದತ್ತುಪುತ್ರನಾದ ಚೆನ್ನಬಸಪ್ಪನು ಪಟ್ಟಕ್ಕೆ ಬಂದನು. ರಾಣಿ ವೀರಮ್ಮಾಜಿಗೂ ಈ ಎಳೆಯ ಅರಸನಿಗೂ ವಿರಸ ಬೆಳೆಯಿತು. ಕೆಲವೇ ವರ್ಷಗಳಲ್ಲಿ ಚೆನ್ನಬಸಪ್ಪನು ಸತ್ತನು, ಅವನನ್ನು ಗುಟ್ಟಾಗಿ ಕೊಲ್ಲಿಸಲಾಯಿತು ಎಂಬ ಮಾತು ಹಬ್ಬಿತು. ರಾಣಿಯು ಸೋಮಶೇಖರನೆಂಬ ಮತ್ತೊಬ್ಬ ಬಾಲಕನನ್ನು ದತ್ತು ಪಡೆದು ತಾನೇ ರಾಜ್ಯಭಾರವನ್ನು ನಡೆಸತೊಡಗಿದಳು.

1763: ‘ಗೈಬು ರಾಜ’

ಹೈದರ್ ಅಲಿಯು 1763ರ ಆರಂಭದಲ್ಲಿ ಚಿತ್ರದುರ್ಗದ ಕಡೆ ಬೀಡುಬಿಟ್ಟಿದ್ದಾಗ ಒಬ್ಬ ತರುಣನು ಅವನ ಬಳಿಗೆ ಬಂದು, ತಾನೇ ಚೆನ್ನಬಸಪ್ಪ ನಾಯಕನೆಂದು ಹೇಳಿಕೊಂಡನು. ಮೈಸೂರಿನ ಇತಿಹಾಸವನ್ನು ಬರೆದ ಮಾರ್ಕ್ ವಿಲ್ಕ್ಸ್ ಈ ಪ್ರಸಂಗವನ್ನು ನಿರೂಪಿಸಿದ್ದಾನೆ. ಅದರಂತೆ, ತನ್ನನ್ನು ಕೊಲ್ಲಲು ನೇಮಕಗೊಂಡಿದ್ದ ಜಟ್ಟಿಯೇ ಕನಿಕರಪಟ್ಟು ತನ್ನನ್ನು ಬಚ್ಚಿಟ್ಟು ಕಾಪಾಡಿದನೆಂಬುದು ಆ ತರುಣನ ಕಥೆ.

ಹೈದರನಿಗೆ ಬಿದನೂರಿನ ಸಿರಿಯ ಮೇಲೆ ಕಣ್ಣಿತ್ತು, ಆದರೆ ದಂಡೆತ್ತಿ ಹೋಗಲು ಒಂದು ನೆಪ ಬೇಕಾಗಿತ್ತು. ನ್ಯಾಯವಾದ ಅರಸನನ್ನು ಮರಳಿ ಪಟ್ಟಕ್ಕೆ ಕೂರಿಸುತ್ತೇನೆ ಎಂಬ ಘೋಷಣೆಯು ಆ ನೆಪವಾಯಿತು. ಸೈನ್ಯವು ಶಿವಮೊಗ್ಗ, ಕುಂಸಿ, ಆನಂದಪುರಗಳ ಮಾರ್ಗವಾಗಿ ಸಾಗಿತು. ಸಂಧಾನಕ್ಕಾಗಿ ರಾಣಿಯು ಕಳುಹಿಸಿದ ಹಣದ ಪ್ರಸ್ತಾಪಗಳನ್ನು ಹೈದರನು ನಿರಾಕರಿಸಿದನು. ಹಳೆಯ ಮಂತ್ರಿಯೊಬ್ಬನು ತೋರಿಸಿದ ಗುಪ್ತಮಾರ್ಗದಿಂದ ಸೈನ್ಯವು ಮಾರ್ಚ್ ತಿಂಗಳಲ್ಲಿ ಬಿದನೂರನ್ನು ಹೊಕ್ಕಿತು. ರಾಣಿಯು ಬಲ್ಲಾಳರಾಯನದುರ್ಗಕ್ಕೆ ಓಡಿಹೋಗಿ ಅಲ್ಲಿ ಸೆರೆಸಿಕ್ಕಳು. ಈ ದುರ್ಗವು ಇಂದಿನ ಚಿಕ್ಕಮಗಳೂರು ಜಿಲ್ಲೆಯಲ್ಲಿದೆ.

ನಗರವು ಕೈವಶವಾದ ಬಳಿಕ ‘ನ್ಯಾಯವಾದ ಅರಸ’ನ ಅಗತ್ಯವು ಮುಗಿಯಿತು. ಹೈದರನು ಬಿದನೂರಿಗೆ ಹೈದರ್‌ನಗರವೆಂದು ತನ್ನ ಹೆಸರನ್ನೇ ಇಟ್ಟನು. ಇಂದಿಗೂ ಉಳಿದಿರುವ ‘ನಗರ’ ಎಂಬ ಹೆಸರು ಇದರಿಂದ ಬಂದುದು. ರಾಣಿ, ಅವಳ ದತ್ತುಪುತ್ರ ಮತ್ತು ಚೆನ್ನಬಸಪ್ಪನೆನಿಸಿಕೊಂಡವನು, ಈ ಮೂವರನ್ನೂ ಮಧುಗಿರಿ ಕೋಟೆಗೆ ಸೆರೆಯಾಳುಗಳನ್ನಾಗಿ ಕಳುಹಿಸಲಾಯಿತು. ಹೈದರನ ಸೈನಿಕರು ಈ ತರುಣನನ್ನು ‘ಗೈಬು ರಾಜ’ ಎಂದು ಅಣಕದಿಂದ ಕರೆಯುತ್ತಿದ್ದರೆಂದು ವಿಲ್ಕ್ಸ್ ದಾಖಲಿಸಿದ್ದಾನೆ. ‘ಗೈಬು’ ಎಂದರೆ ಕಣ್ಣಿಗೆ ಕಾಣದ, ಮರೆಯಾದ ಎಂದರ್ಥ. 1767ರಲ್ಲಿ ಪೇಶ್ವೆ ಮಾಧವರಾಯನು ಮಧುಗಿರಿಯನ್ನು ಹಿಡಿದಾಗ ಸೆರೆಯಲ್ಲಿದ್ದವರು ಬಿಡುಗಡೆಗೊಂಡರು. ವೀರಮ್ಮಾಜಿಯು ಪುಣೆಯ ದಾರಿಯಲ್ಲಿ ತೀರಿಕೊಂಡಳು.

1799ರಿಂದ 1830ರವರೆಗಿನ ಸ್ಥಿತಿ

1799ರಲ್ಲಿ ಟಿಪ್ಪು ಸುಲ್ತಾನನು ಮಡಿದ ಬಳಿಕ ಬ್ರಿಟಿಷರು ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಮೈಸೂರಿನ ಪಟ್ಟವನ್ನು ಕಟ್ಟಿದರು. ನಗರ ಸೀಮೆಯು ಮೈಸೂರಿನಲ್ಲಿಯೇ ಉಳಿಯಿತು. ಆ ಹೊತ್ತಿನಲ್ಲಿ ಚನ್ನಗಿರಿ ಮೂಲದ ಧೋಂಡಿಯಾ ವಾಘನು ಇದೇ ಭಾಗದಲ್ಲಿ ಜನ ಕೂಡಿಸಿ, ಎರಡು ಲೋಕಗಳ ಒಡೆಯನೆಂಬ ಬಿರುದನ್ನು ತಾನೇ ಧರಿಸಿ ದಂಡು ನಡೆಸಿದನು. 1800ರ ಸೆಪ್ಟೆಂಬರಿನಲ್ಲಿ ಆರ್ಥರ್ ವೆಲ್ಲೆಸ್ಲಿಯ ಸೈನ್ಯದೊಡನೆ ಕಾದಿ ಅವನು ಮಡಿದನು.

ದಿವಾನ್ ಪೂರ್ಣಯ್ಯನವರು 1811ರಲ್ಲಿ ನಿವೃತ್ತರಾದ ಬಳಿಕ ಮಹಾರಾಜರು ತಾವೇ ಆಡಳಿತವನ್ನು ವಹಿಸಿಕೊಂಡರು. ಸಂಸ್ಥಾನವು ಪ್ರತಿ ವರ್ಷ ಬ್ರಿಟಿಷರಿಗೆ 7 ಲಕ್ಷ ವರಹಗಳ ಪೊಗದಿಯನ್ನು ಕೊಡಬೇಕಾಗಿತ್ತು. ಅರಮನೆಯ ವೆಚ್ಚ ಹೆಚ್ಚಿತು, ಬೊಕ್ಕಸ ಬರಿದಾಯಿತು, ಸಾಲ ಬೆಳೆಯಿತು. ಕಂದಾಯ ವಸೂಲಿಗೆ ‘ಶರತ್ತು’ ಪದ್ಧತಿಯು ಬಳಕೆಗೆ ಬಂದಿತು. ಇದರಂತೆ ಅಮಲ್ದಾರನು ಇಷ್ಟು ಹಣವನ್ನು ಕಟ್ಟಿಯೇ ಕಟ್ಟುತ್ತೇನೆಂದು ಮುಚ್ಚಳಿಕೆ ಬರೆದುಕೊಡಬೇಕು, ವಸೂಲಿ ಕಡಿಮೆಯಾದರೆ ತನ್ನ ಕೈಯಿಂದ ತುಂಬಬೇಕು. ತನ್ನ ಕೈಯಿಂದ ಕಳೆದುಕೊಳ್ಳಲು ಯಾವ ಅಮಲ್ದಾರನೂ ಸಿದ್ಧನಿರಲಿಲ್ಲ, ಹೀಗಾಗಿ ಭಾರವೆಲ್ಲವೂ ರೈತನ ಮೇಲೆ ಬಿದ್ದಿತು. ಮದರಾಸಿನ ಗವರ್ನರ್ ಸರ್ ಥಾಮಸ್ ಮನ್ರೋ 1825ರಲ್ಲಿ ಮೈಸೂರಿಗೆ ಬಂದು, ಆಡಳಿತ ಸುಧಾರಿಸದಿದ್ದರೆ ಬ್ರಿಟಿಷರು ನೇರವಾಗಿ ಕೈಹಾಕಬೇಕಾದೀತೆಂದು ಎಚ್ಚರಿಸಿದ್ದನು.

ನಗರದ ಫೌಜುದಾರಿಯಲ್ಲಿ ಹಿಂದಿನ ಅಧಿಕಾರಿಗಳು ರೈತರಿಗೆ ಕೊಟ್ಟಿದ್ದ ರಿಯಾಯಿತಿಗಳನ್ನು ಹೊಸ ಫೌಜುದಾರ ವೀರರಾಜ ಅರಸು ಪ್ರಶ್ನಿಸಿ, ಹಳೆಯ ಬಾಕಿಗಳನ್ನು ಕೇಳತೊಡಗಿದುದು ಅಸಮಾಧಾನಕ್ಕೆ ಬೆಂಕಿ ಹಚ್ಚಿತು. ಅಧಿಕಾರ ಕಳೆದುಕೊಂಡ ಹಳೆಯ ಅಧಿಕಾರಿಗಳ ಬಳಗವೂ ಈ ಅಸಮಾಧಾನವನ್ನು ಬೆಳೆಸಿತು.

ಬೂದಿ ಬಸಪ್ಪ

ಎರಡನೆಯ ಹಕ್ಕುದಾರನ ಮೂಲ ಹೆಸರು ಸಾದರ ಮಲ್ಲ. ಇವನ ವೃತ್ತಾಂತವು ದಂಗೆಯ ಬಳಿಕ ಬ್ರಿಟಿಷರು ನಡೆಸಿದ ವಿಚಾರಣೆ ಮತ್ತು ಅದನ್ನು ಆಧರಿಸಿದ ಗ್ಯಾಸೆಟಿಯರುಗಳಿಂದ ತಿಳಿದುಬರುತ್ತದೆ. ಅವುಗಳ ಪ್ರಕಾರ ಇವನು ಸಾಮಾನ್ಯ ಬೇಸಾಯಗಾರನೊಬ್ಬನ ಮಗ. ಎಳೆಯ ವಯಸ್ಸಿನಲ್ಲಿ ಒಬ್ಬ ಜಂಗಮನ ಸೇವೆಯಲ್ಲಿದ್ದನು. ಆ ಜಂಗಮನಿಗೆ ಹಿಂದಿನ ನಗರದ ಅರಸುಮನೆತನದ ಪರಿಚಯವಿದ್ದು, ಅರಸರ ಮೊಹರುಗಳು ಅವನ ಬಳಿ ಉಳಿದಿದ್ದವು. ಜಂಗಮನು ತೀರಿಕೊಂಡಾಗ ಆ ಮೊಹರುಗಳು ಶಿಷ್ಯನ ಕೈಸೇರಿದವು. ಬಳಿಕ ಮಲ್ಲನು ಊರೂರು ಅಲೆದನು, ಕಳವಿನ ಆರೋಪದ ಮೇಲೆ ಕನ್ನಡ ಜಿಲ್ಲೆಯಲ್ಲಿ ಸೆರೆವಾಸವನ್ನೂ ಅನುಭವಿಸಿದನು. ಸೆರೆಮನೆಯ ಒಡನಾಡಿಗಳ ಎದುರಿನಲ್ಲಿಯೇ ತಾನು ನಗರದ ಅರಸರ ವಂಶದವನೆಂದು ಹೇಳತೊಡಗಿದನೆಂಬುದು ವರದಿಗಳ ಹೇಳಿಕೆ.

ಇವನು ಆರಿಸಿಕೊಂಡ ಹೆಸರು ಗಮನಾರ್ಹವಾದುದು. ಬಸಪ್ಪ ಎಂಬುದು ಕೆಳದಿಯ ಅರಸರಲ್ಲಿ ಮತ್ತೆ ಮತ್ತೆ ಬಂದ ಹೆಸರು. ಅದರ ಹಿಂದಿನ ‘ಬೂದಿ’ ಎಂಬ ಮಾತು ವಿಭೂತಿಯನ್ನೂ ವೀರಶೈವ ಪರಂಪರೆಯನ್ನೂ ನೆನಪಿಸುವಂತಹುದು. ಹೆಸರಿನ ಜೊತೆಗೆ ‘ನಗರದ ಖಾವಂದ’, ಅಂದರೆ ನಗರದ ಒಡೆಯ, ಎಂಬ ಬಿರುದನ್ನೂ ಸೇರಿಸಿಕೊಂಡನು. ಹೀಗೆ ಒಂದು ಹೆಸರು, ಒಂದು ಬಿರುದು ಮತ್ತು ಒಂದು ಮೊಹರು ಸೇರಿ ಒಬ್ಬ ಅರಸನು ಸಿದ್ಧನಾದನು.

ತರೀಕೆರೆಯ ನಾಯಕರು

ತರೀಕೆರೆಯ ಪಾಳೆಯಗಾರರು ಮೂಲತಃ ಬಸವಾಪಟ್ಟಣದ ನಾಯಕರು. ಇಂದಿನ ಚನ್ನಗಿರಿ ತಾಲ್ಲೂಕಿನಲ್ಲಿರುವ ಬಸವಾಪಟ್ಟಣ ಮತ್ತು ಸಂತೆಬೆನ್ನೂರುಗಳು ಅವರ ಹಳೆಯ ನೆಲೆಗಳು. ಸಂತೆಬೆನ್ನೂರಿನ ಪ್ರಸಿದ್ಧ ಪುಷ್ಕರಣಿಯು ಈ ಮನೆತನದ ಹನುಮಪ್ಪ ನಾಯಕನ ನಿರ್ಮಾಣ. 17ನೆಯ ಶತಮಾನದಲ್ಲಿ ಬಿಜಾಪುರದ ಸೇನಾನಿ ರಣದುಲ್ಲಾ ಖಾನನ ದಂಡಯಾತ್ರೆಯಿಂದ ಈ ನೆಲೆಗಳು ಕೈತಪ್ಪಿದ ಮೇಲೆ ಮನೆತನವು ದಕ್ಷಿಣಕ್ಕೆ ಸರಿದು, ತರೀಕೆರೆಯಲ್ಲಿ ಕೋಟೆ ಕಟ್ಟಿಸಿ ನೆಲೆಸಿತು. ಹೈದರ್ ಅಲಿಯ ಕಾಲದಲ್ಲಿ ಅವರು ಮೈಸೂರಿನ ಅಧೀನಕ್ಕೆ ಬಂದರು. ‘ಸರ್ಜಾ’ ಎಂಬುದು ಈ ಮನೆತನದವರು ಧರಿಸುತ್ತಿದ್ದ ಬಿರುದು.

ತರೀಕೆರೆಯ ಭೌಗೋಳಿಕ ಸ್ಥಾನವನ್ನೂ ಗಮನಿಸಬೇಕು. ಪೂರ್ವಕ್ಕೆ ಅಜ್ಜಂಪುರದ ಬಯಲುಸೀಮೆ, ದಕ್ಷಿಣಕ್ಕೆ ಕಡೂರಿನ ಮಾರ್ಗವಾಗಿ ಮೈಸೂರಿನ ಕಡೆಗೆ ಹೋಗುವ ದಾರಿ, ಪಶ್ಚಿಮಕ್ಕೆ ಬಾಬಾಬುಡನ್‌ಗಿರಿಯ ಸಾಲಿನ ಕಾಡುಬೆಟ್ಟಗಳು, ಉತ್ತರಕ್ಕೆ ಶಿವಮೊಗ್ಗ ಇವೆ. ಬಯಲಿನಿಂದ ಬರುವ ಸೈನ್ಯವು ಮಲೆನಾಡನ್ನು ಹೊಗುವ ಬಾಗಿಲುಗಳಲ್ಲಿ ಇದೂ ಒಂದು. ಈ ಬೆಟ್ಟಸೀಮೆಯ ಕಲ್‌ದುರ್ಗ ಮತ್ತು ಕಾಮನದುರ್ಗಗಳು ಯಾರ ಕೈಯಲ್ಲಿವೆಯೋ ಅವರು ಆ ಬಾಗಿಲನ್ನು ಮುಚ್ಚಬಲ್ಲವರಾಗಿದ್ದರು.

1830ರಲ್ಲಿ ಈ ಮನೆತನದ ರಂಗಪ್ಪ ನಾಯಕ ಮತ್ತು ಸರ್ಜಾ ಹನುಮಪ್ಪ ನಾಯಕರು ದಂಗೆಯನ್ನು ಸೇರಿ, ಬೆಟ್ಟದ ಕೋಟೆಗಳನ್ನು ವಶಪಡಿಸಿಕೊಂಡರು. ಅವರ ವಂಶಾವಳಿಯ ಬಗ್ಗೆ ಯಾರಿಗೂ ಸಂಶಯವಿರಲಿಲ್ಲ. ಕಳೆದುಹೋದ ಪಾಳೆಯಪಟ್ಟಿನ ನಿಜವಾದ ವಾರಸುದಾರರು, ಬೇರೊಂದು ಸಿಂಹಾಸನದ ಹುಸಿ ವಾರಸುದಾರನು ನಿಂತಿದ್ದ ಪಕ್ಷದಲ್ಲಿಯೇ ನಿಂತು ಹೋರಾಡಿದುದು ಈ ದಂಗೆಯ ವಿಶೇಷ. ಮೈಸೂರಿನ ಆಡಳಿತವು ಸಡಿಲಗೊಂಡರೆ ತಮ್ಮ ಸೀಮೆ ತಮಗೆ ಮರಳೀತೆಂಬ ನಿರೀಕ್ಷೆ ಅವರದು. ಬೂದಿ ಬಸಪ್ಪನಿಗಾದರೋ ಕೋಟೆ ಮತ್ತು ಕಾಳಗ ಬಲ್ಲ ಜನ ಬೇಕಾಗಿತ್ತು.

ದಂಗೆಯ ಹಾದಿ

1830ರ ಆಗಸ್ಟ್ ತಿಂಗಳಲ್ಲಿ ನಗರ ಫೌಜುದಾರಿಯ ರೈತರು ಬಸವಾಪಟ್ಟಣದಲ್ಲಿ ಸಭೆ ಸೇರಿದರು. ಒಂದು ಊರಿನವರು ಮತ್ತೊಂದು ಊರಿನವರಿಗೆ ಪತ್ರ ಕಳುಹಿಸಿ ಕರೆಯುತ್ತಿದ್ದರು. ಹೀಗೆ ಸೇರಿದ ಗುಂಪುಗಳಿಗೆ ‘ಕೂಟ’ ಎಂದು ಹೆಸರು. ಆರಂಭದಲ್ಲಿ ಕೂಟಗಳ ಬೇಡಿಕೆಯು ಕಂದಾಯಕ್ಕೆ ಮಾತ್ರ ಸಂಬಂಧಿಸಿತ್ತು, ಅವರು ಅಹವಾಲು ಹೇಳಿಕೊಳ್ಳಲು ಸೇರಿದ್ದರು. ಅಹವಾಲಿಗೆ ತಕ್ಕ ಪರಿಹಾರ ದೊರೆಯದೆ, ಹೊನ್ನಾಳಿ ಮೊದಲಾದ ಕಡೆ ಸರ್ಕಾರದ ಪಡೆಗಳೊಡನೆ ಘರ್ಷಣೆ ನಡೆದು ರಕ್ತಪಾತವಾದ ಮೇಲೆ ಚಳವಳಿಯ ಸ್ವರೂಪ ಬದಲಾಯಿತು. ತಮ್ಮನ್ನು ಆಳುತ್ತಿರುವವರನ್ನು ಒಪ್ಪದ ಜನರಿಗೆ ಬೇರೊಬ್ಬ ಅರಸನು ಬೇಕಾದನು, ಬೂದಿ ಬಸಪ್ಪನು ಆ ಸ್ಥಾನಕ್ಕೆ ಬಂದನು.

ಅಶಾಂತಿಯು ನಗರ ಸೀಮೆಯ ಆಚೆಗೂ ಹಬ್ಬಿತು. ಮಹಾರಾಜರು 1830ರ ಡಿಸೆಂಬರಿನಲ್ಲಿ ತಾವೇ ದಂಡಿನೊಡನೆ ಚನ್ನರಾಯಪಟ್ಟಣದ ಕಡೆಗೆ ಹೊರಟರು. ಆ ಪ್ರವಾಸದಲ್ಲಿ ದಂಗೆಕೋರರೆನಿಸಿದವರಿಗೆ ಕಠಿಣ ಶಿಕ್ಷೆಗಳನ್ನು ವಿಧಿಸಲಾಯಿತು. ದಿವಾನ್ ವೆಂಕಟೇ ಅರಸರನ್ನು ನಗರದ ಕಡೆಗೆ ಕಳುಹಿಸಲಾಯಿತು. ಮೈಸೂರಿನ ಪಡೆಗಳಿಂದಲೇ ದಂಗೆಯು ಅಡಗದಿದ್ದಾಗ, ರೆಸಿಡೆಂಟನಾಗಿದ್ದ ಕಸಾಮೇಜರನು ಬ್ರಿಟಿಷ್ ಸೈನ್ಯವನ್ನು ಕರೆಸಿದನು. 1831ರ ಮೊದಲ ತಿಂಗಳುಗಳಲ್ಲಿ ಲೆಫ್ಟಿನೆಂಟ್ ರಾಚ್‌ಫೋರ್ಟನ ಪಡೆಯು ತರೀಕೆರೆಯ ಬೆಟ್ಟಸೀಮೆಯಲ್ಲಿ ಕಾರ್ಯಾಚರಣೆ ನಡೆಸಿ ಕಾಮನದುರ್ಗವನ್ನು ಹಿಡಿಯಿತು. ಆದರೆ ಒಳನಾಡಿನ ಕಾಡುದಾರಿಗಳಲ್ಲಿ ಸೈನ್ಯವು ತಡೆಗಳನ್ನು ಎದುರಿಸಿತು. ನಗರದ ಪಟ್ಟಣವು ಅದರ ವಶವಾದುದು 1831ರ ಜೂನ್ ತಿಂಗಳಲ್ಲಿ.

ಪರಿಣಾಮಗಳು

ದಂಗೆಯ ಸುದ್ದಿಯನ್ನು ಆಧರಿಸಿ ಗವರ್ನರ್ ಜನರಲ್ ಲಾರ್ಡ್ ವಿಲಿಯಂ ಬೆಂಟಿಂಕನು 1831ರ ಅಕ್ಟೋಬರಿನಲ್ಲಿ ಮೈಸೂರಿನ ಆಡಳಿತವನ್ನು ಮಹಾರಾಜರಿಂದ ಬ್ರಿಟಿಷ್ ಕಮಿಷನರುಗಳಿಗೆ ವರ್ಗಾಯಿಸಿದನು. ಪೊಗದಿಗೆ ಅಪಾಯ ಒದಗಿದರೆ ಆಡಳಿತವನ್ನು ಕೈಗೆ ತೆಗೆದುಕೊಳ್ಳಬಹುದೆಂಬ 1799ರ ಒಪ್ಪಂದದ ವಿಧಿಯನ್ನು ಇದಕ್ಕೆ ಆಧಾರವಾಗಿ ಮುಂದೊಡ್ಡಲಾಯಿತು. ದಂಗೆಯ ಕಾರಣಗಳನ್ನು ತಿಳಿಯಲು ಹಾಕರ್, ಮಾರಿಸನ್, ಮ್ಯಾಕ್ಲಿಯಾಡ್ ಮತ್ತು ಕಬ್ಬನ್ ಅವರ ಸಮಿತಿಯನ್ನು ನೇಮಿಸಲಾಯಿತು. ಸಮಿತಿಯ ವರದಿಯು 1833ರಲ್ಲಿ, ಎಂದರೆ ಆಡಳಿತವನ್ನು ವಹಿಸಿಕೊಂಡು ಎರಡು ವರ್ಷಗಳಾದ ಮೇಲೆ, ಸಿದ್ಧವಾಯಿತು. ಕ್ರಮವು ಮೊದಲು, ವಿಚಾರಣೆಯು ಆಮೇಲೆ ಎಂಬ ಈ ಕ್ರಮವ್ಯತ್ಯಾಸವು ಮುಂದೆ ಟೀಕೆಗೆ ಗುರಿಯಾಯಿತು. ತಾನು ಕೈಗೊಂಡ ಕ್ರಮವು ಅಗತ್ಯಕ್ಕಿಂತ ಕಠಿಣವಾಯಿತೇ ಎಂಬ ಅನುಮಾನವನ್ನು ಬೆಂಟಿಂಕನೇ ಅನಂತರ ವ್ಯಕ್ತಪಡಿಸಿದನು.

ಸರ್ಜಾ ಹನುಮಪ್ಪ ನಾಯಕನು ಸೆರೆಸಿಕ್ಕಿದ ಬಳಿಕ 1834ರಲ್ಲಿ ಅವನನ್ನು ಗಲ್ಲಿಗೇರಿಸಲಾಯಿತು. ತರೀಕೆರೆಯ ಪಾಳೆಯಗಾರಿಕೆಯ ಕಥೆ ಅಲ್ಲಿಗೆ ಮುಗಿಯಿತು. ಅದೇ ವರ್ಷ ಮಾರ್ಕ್ ಕಬ್ಬನ್ ಮೈಸೂರಿನ ಕಮಿಷನರಾಗಿ 1861ರವರೆಗೆ ಆಡಳಿತ ನಡೆಸಿದನು. ಶರತ್ತು ಪದ್ಧತಿಯು ಕೊನೆಗೊಂಡಿತು, ಹಲವು ಬಗೆಯ ಕಿರುತೆರಿಗೆಗಳು ರದ್ದಾದವು. ರಾಜ್ಯವನ್ನು ಬೆಂಗಳೂರು, ಅಷ್ಟಗ್ರಾಮ, ಚಿತ್ರದುರ್ಗ ಮತ್ತು ನಗರ ಎಂಬ ನಾಲ್ಕು ವಿಭಾಗಗಳನ್ನಾಗಿ ಮಾಡಲಾಯಿತು. ಮುಂದೆ 1863ರಲ್ಲಿ ನಗರ ವಿಭಾಗದ ಪ್ರದೇಶಗಳಿಂದ ಕಡೂರು ಜಿಲ್ಲೆಯು ರೂಪುಗೊಂಡಿತು. ಇದೇ ಇಂದಿನ ಚಿಕ್ಕಮಗಳೂರು ಜಿಲ್ಲೆ. ತಮ್ಮ ಅಧಿಕಾರವನ್ನು ಮರಳಿ ಕೊಡಬೇಕೆಂದು ಮನವಿ ಮಾಡುತ್ತಲೇ ಇದ್ದ ಮುಮ್ಮಡಿ ಕೃಷ್ಣರಾಜ ಒಡೆಯರು 1868ರಲ್ಲಿ ತೀರಿಕೊಂಡರು. 1881ರಲ್ಲಿ ಅವರ ದತ್ತುಪುತ್ರ ಚಾಮರಾಜೇಂದ್ರ ಒಡೆಯರಿಗೆ ರಾಜ್ಯವನ್ನು ಹಿಂದಿರುಗಿಸಲಾಯಿತು.

ಜನರು ನಂಬಿದ್ದಕ್ಕೆ ಕಾರಣಗಳು

ಛಾಯಾಚಿತ್ರವಾಗಲಿ ಗುರುತಿನ ಚೀಟಿಯಾಗಲಿ ಇಲ್ಲದ ಕಾಲದಲ್ಲಿ ಒಬ್ಬನು ಯಾರೆಂಬುದನ್ನು ನಿರ್ಧರಿಸುತ್ತಿದ್ದುದು ಅವನನ್ನು ಬಲ್ಲವರ ಮಾತು. ಅರಸನ ವಿಷಯದಲ್ಲಿ ಇದು ಇನ್ನೂ ಕಷ್ಟವಾಗಿತ್ತು. ಏಕೆಂದರೆ ಅರಸನ ಮುಖವನ್ನು ಹತ್ತಿರದಿಂದ ಕಂಡ ಪ್ರಜೆಗಳು ಬೆರಳೆಣಿಕೆಯಷ್ಟು ಮಂದಿ. ರೈತನು ಕಾಣುತ್ತಿದ್ದುದು ಅರಸನನ್ನಲ್ಲ, ಕಾಗದದ ಮೇಲಿನ ಅವನ ಮೊಹರನ್ನು. ಆದ್ದರಿಂದ ಮೊಹರನ್ನು ಹೊಂದಿದ್ದವನ ಮಾತಿಗೆ ಸಹಜವಾಗಿಯೇ ತೂಕ ಬರುತ್ತಿತ್ತು.

ಕಾಲದ ಅಂತರವೂ ಬೂದಿ ಬಸಪ್ಪನಿಗೆ ಅನುಕೂಲವಾಗಿ ಒದಗಿತು. 1763ಕ್ಕೂ 1830ಕ್ಕೂ ನಡುವೆ 67 ವರ್ಷಗಳು ಕಳೆದಿದ್ದವು. ಕೆಳದಿಯ ಆಸ್ಥಾನವನ್ನು ಕಣ್ಣಾರೆ ಕಂಡವರು ಉಳಿದಿರಲಿಲ್ಲವೆಂದೇ ಹೇಳಬೇಕು. ಆದರೆ ಶಿಸ್ತಿನ ನೆನಪು ಮಾತ್ರ ಪ್ರತಿ ವರ್ಷದ ಕಂದಾಯದೊಡನೆ ಹೊಸದಾಗುತ್ತಿತ್ತು. ಅರಸುಮಗನೊಬ್ಬನು ಕೊಲೆಯಿಂದ ಪಾರಾಗಿ ಬದುಕಿದ್ದಾನೆ ಎಂಬ ಕಥೆಯೂ ಇದೇ ಸಿಂಹಾಸನದ ವಿಷಯದಲ್ಲಿ ಈ ಮೊದಲೇ ಕೇಳಿಬಂದಿತ್ತು.

ಎರಡು ಪ್ರಕರಣಗಳ ನಡುವೆ ಒಂದು ಮುಖ್ಯ ಭೇದವಿದೆ. 1763ರಲ್ಲಿ ಹಕ್ಕುದಾರನನ್ನು ಬಳಸಿಕೊಂಡವನು ಮೇಲಿನಿಂದ ಬಂದ ಒಬ್ಬ ಸೇನಾಪತಿ, ಕೆಲಸ ಮುಗಿದೊಡನೆ ಅವನು ಹಕ್ಕುದಾರನನ್ನು ಸೆರೆಗೆ ತಳ್ಳಿದನು. 1830ರಲ್ಲಿ ಹಕ್ಕುದಾರನನ್ನು ಎತ್ತಿ ನಿಲ್ಲಿಸಿದುದು ಕೆಳಗಿನಿಂದ ಎದ್ದ ರೈತರ ದೂರು. ಬೂದಿ ಬಸಪ್ಪನ ಹೆಸರು ಹುಸಿಯಾಗಿತ್ತು, ಅವನ ಹಿಂದೆ ನಿಂತವರ ದೂರು ಹುಸಿಯಾಗಿರಲಿಲ್ಲ. ಸಮಿತಿಯ ವರದಿಯೇ ಕಂದಾಯದ ಹಿಂಸೆಯನ್ನು ದಂಗೆಯ ಕಾರಣಗಳಲ್ಲಿ ಎಣಿಸಿತು. ದಂಗೆಯನ್ನು ಒಬ್ಬ ವಂಚಕನ ಕೃತ್ಯವೆಂದಷ್ಟೇ ಓದಿದರೆ ಈ ದೂರು ಮರೆಯಾಗುತ್ತದೆ. ಅದನ್ನು ರೈತ ಹೋರಾಟವೆಂದಷ್ಟೇ ಓದಿದರೆ, ಪಾಳೆಯಗಾರರು ಮತ್ತು ಅಧಿಕಾರ ಕಳೆದುಕೊಂಡ ನೌಕರರು ಅದರಲ್ಲಿ ಹುಡುಕಿದ ಸ್ವಂತ ಲಾಭವು ಮರೆಯಾಗುತ್ತದೆ.

ಆಕರಗಳ ಸ್ವರೂಪವನ್ನೂ ವಿದ್ಯಾರ್ಥಿಗಳು ನೆನಪಿನಲ್ಲಿಡಬೇಕು. ಕೆಳದಿಯ ಅರಸರ ಚರಿತ್ರೆಯನ್ನು ಲಿಂಗಣ್ಣ ಕವಿಯ ‘ಕೆಳದಿನೃಪವಿಜಯ’ವು ಆಸ್ಥಾನದ ದೃಷ್ಟಿಯಿಂದ ಹೇಳುತ್ತದೆ. ಬೂದಿ ಬಸಪ್ಪನ ಚರಿತ್ರೆಯನ್ನಾದರೋ ಅವನನ್ನು ಸೋಲಿಸಿದವರೇ ಬರೆದಿಟ್ಟಿದ್ದಾರೆ. ದಂಗೆಯು ದೊಡ್ಡದೆಂದು ತೋರಿದಷ್ಟೂ ರಾಜ್ಯವನ್ನು ವಹಿಸಿಕೊಂಡ ಕ್ರಮಕ್ಕೆ ಸಮರ್ಥನೆ ದೊರೆಯುತ್ತಿತ್ತು ಎಂಬುದನ್ನು ಮರೆಯಲಾಗದು.

ಇದೇ ಬಗೆಯ ಮತ್ತೊಂದು ಪ್ರಕರಣ

ನಗರ ದಂಗೆಯ ಆರು ವರ್ಷಗಳ ಬಳಿಕ, 1837ರಲ್ಲಿ, ಕೊಡಗು ಮತ್ತು ದಕ್ಷಿಣ ಕನ್ನಡದ ಗಡಿಯಲ್ಲಿ ಅಮರ ಸುಳ್ಯದ ದಂಗೆ ನಡೆಯಿತು. ಬ್ರಿಟಿಷರು 1834ರಲ್ಲಿ ಕೊಡಗಿನ ಅರಸ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ, ಅಮರ ಸುಳ್ಯ ಮತ್ತು ಪುತ್ತೂರು ಸೀಮೆಗಳನ್ನು ಕನ್ನಡ ಜಿಲ್ಲೆಗೆ ಸೇರಿಸಿದ್ದರು. ಧಾನ್ಯರೂಪದ ಬದಲು ನಗದಾಗಿ ಕಂದಾಯ ಕಟ್ಟಬೇಕಾಗಿ ಬಂದುದು ಅಲ್ಲಿನ ರೈತರ ಅಸಮಾಧಾನಕ್ಕೆ ಕಾರಣವಾಯಿತು. ಆಗ ಪುಟ್ಟಬಸಪ್ಪ ಎಂಬವನನ್ನು ಕೊಡಗಿನ ರಾಜವಂಶದ ಕಲ್ಯಾಣಸ್ವಾಮಿಯೆಂಬ ಹೆಸರಿನಲ್ಲಿ ಮುಂದೆ ನಿಲ್ಲಿಸಲಾಯಿತು. ದಂಗೆಕೋರರು ಏಪ್ರಿಲ್ ತಿಂಗಳಲ್ಲಿ ಮಂಗಳೂರನ್ನು ಹೊಕ್ಕು ಕೆಲವು ದಿನ ವಶದಲ್ಲಿಟ್ಟುಕೊಂಡರು. ದಂಗೆ ಅಡಗಿದ ಮೇಲೆ ಪುಟ್ಟಬಸಪ್ಪನನ್ನು ಮಂಗಳೂರಿನಲ್ಲಿಯೂ, ಮುಂದಾಳುಗಳಲ್ಲೊಬ್ಬನಾದ ಗುಡ್ಡೆಮನೆ ಅಪ್ಪಯ್ಯ ಗೌಡನನ್ನು ಮಡಿಕೇರಿಯಲ್ಲಿಯೂ ಗಲ್ಲಿಗೇರಿಸಲಾಯಿತು. ಕಂದಾಯದ ಭಾರ, ಅಳಿದ ಅರಸುಮನೆತನ ಮತ್ತು ಅದರ ಹೆಸರನ್ನು ಹೊತ್ತ ಬೇರೊಬ್ಬ ವ್ಯಕ್ತಿ, ಈ ಮೂರೂ ಅಂಶಗಳು ನಗರದಲ್ಲಿಯೂ ಅಮರ ಸುಳ್ಯದಲ್ಲಿಯೂ ಸಮಾನವಾಗಿವೆ.

ಸಾಹಿತ್ಯ ಮತ್ತು ಚಲನಚಿತ್ರಗಳಲ್ಲಿ ಇದೇ ವಸ್ತು

ಒಬ್ಬನ ಸ್ಥಾನದಲ್ಲಿ ಮತ್ತೊಬ್ಬನು ಅರಸನಾಗುವ ವಸ್ತುವು ಜಗತ್ತಿನ ಕಥಾಸಾಹಿತ್ಯದಲ್ಲಿ ಜನಪ್ರಿಯವಾಗಿದೆ. ಹಾಲಿವುಡ್ಡಿನಲ್ಲಿ 1937ರಲ್ಲಿ ಈ ವಸ್ತುವಿನ ಎರಡು ಪ್ರಸಿದ್ಧ ಚಿತ್ರಗಳು ತೆರೆಕಂಡವು.

ಮೊದಲನೆಯದು ಮಾರ್ಕ್ ಟ್ವೈನನ 1881ರ ಕಾದಂಬರಿಯನ್ನು ಆಧರಿಸಿದ ‘ದಿ ಪ್ರಿನ್ಸ್ ಅಂಡ್ ದಿ ಪಾಪರ್’. ವಿಲಿಯಂ ಕೀಲಿ ನಿರ್ದೇಶನದ ಈ ಚಿತ್ರದಲ್ಲಿ ಎರಲ್ ಫ್ಲಿನ್ ನಟಿಸಿದ್ದನು. ಬಿಲ್ಲಿ ಮತ್ತು ಬಾಬಿ ಮಾಕ್ ಎಂಬ ಅವಳಿ ಸೋದರರು ರಾಜಕುಮಾರ ಎಡ್ವರ್ಡ್ ಮತ್ತು ಬಡ ಹುಡುಗ ಟಾಮ್ ಕ್ಯಾಂಟಿಯ ಪಾತ್ರಗಳನ್ನು ವಹಿಸಿದ್ದರು. ಬಟ್ಟೆ ಬದಲಾಯಿಸಿಕೊಂಡ ಹುಡುಗರು ಒಬ್ಬರ ಬದುಕಿನಲ್ಲಿ ಮತ್ತೊಬ್ಬರು ಸಿಕ್ಕಿಬೀಳುತ್ತಾರೆ. ಕೊನೆಗೆ ರಾಜಮುದ್ರೆಯನ್ನು ಎಲ್ಲಿ ಇಟ್ಟಿದ್ದೆನೆಂದು ಹೇಳಬಲ್ಲವನೇ ನಿಜವಾದ ಅರಸನೆಂದು ತೀರ್ಮಾನವಾಗುತ್ತದೆ. ಕಥೆಯಲ್ಲಿ ಮುದ್ರೆಯು ನಿಜವಾದವನನ್ನು ಗುರುತಿಸಲು ನೆರವಾಗುತ್ತದೆ. ನಗರದಲ್ಲಿ ಅದೇ ಬಗೆಯ ಮುದ್ರೆಯು ಬೇರೊಬ್ಬನನ್ನು ಅರಸನನ್ನಾಗಿ ಮಾಡಿತು.

ಎರಡನೆಯದು ಆಂಟನಿ ಹೋಪನ 1894ರ ಕಾದಂಬರಿಯನ್ನು ಆಧರಿಸಿದ ‘ದಿ ಪ್ರಿಸನರ್ ಆಫ್ ಝೆಂಡಾ’. ಜಾನ್ ಕ್ರಾಮ್‌ವೆಲ್ ನಿರ್ದೇಶಿಸಿದ ಈ ಚಿತ್ರದಲ್ಲಿ ರೊನಾಲ್ಡ್ ಕೋಲ್ಮನ್ ದ್ವಿಪಾತ್ರದಲ್ಲಿ ನಟಿಸಿದ್ದನು. ರುರಿಟೇನಿಯ ಎಂಬ ಕಲ್ಪಿತ ರಾಜ್ಯದ ಅರಸನಿಗೆ ಪಟ್ಟಾಭಿಷೇಕದ ಹಿಂದಿನ ರಾತ್ರಿ ಮತ್ತು ಬರಿಸಲಾಗುತ್ತದೆ. ಅವನನ್ನೇ ಹೋಲುವ ಇಂಗ್ಲಿಷ್ ಪ್ರವಾಸಿಯೊಬ್ಬನು ಅವನ ಬದಲು ಕಿರೀಟ ಧರಿಸಿ, ಕೋಟೆಯಲ್ಲಿ ಸೆರೆಯಾದ ಅರಸನನ್ನು ಬಿಡಿಸಿ, ಸಿಂಹಾಸನವನ್ನು ಮರಳಿಸಿ ಹೊರಟುಹೋಗುತ್ತಾನೆ. ಈ ಚಿತ್ರವು 1952ರಲ್ಲಿ ವರ್ಣದಲ್ಲಿ ಮತ್ತೆ ತಯಾರಾಯಿತು. ಭಾರತದಲ್ಲಿ ಶರದಿಂದು ಬಂದ್ಯೋಪಾಧ್ಯಾಯರ ಬಂಗಾಳಿ ಕಾದಂಬರಿಯ ಮೂಲಕ ಇದೇ ಕಥೆಯನ್ನು ತಪನ್ ಸಿನ್ಹಾ 1961ರಲ್ಲಿ ‘ಝಿಂದೇರ್ ಬಂದಿ’ ಎಂಬ ಚಿತ್ರವಾಗಿಸಿದರು. ತಮಿಳಿನಲ್ಲಿ ಎಂ.ಜಿ. ರಾಮಚಂದ್ರನ್ ಅವರ 1958ರ ‘ನಾಡೋಡಿ ಮನ್ನನ್’ ಇದೇ ವಸ್ತುವಿನ ಜನಪ್ರಿಯ ಚಿತ್ರ.

ಇಂತಹ ಕಥೆಗಳಲ್ಲಿ ನಿಜವಾದ ಅರಸನು ಎಲ್ಲೋ ಒಂದೆಡೆ ಜೀವಂತವಾಗಿರುತ್ತಾನೆ, ಅವನು ಮರಳಿ ಬಂದೊಡನೆ ರಾಜ್ಯವು ಸರಿಹೋಗುತ್ತದೆ. ನಗರದ ಇತಿಹಾಸದಲ್ಲಿ ಅಂತಹ ಅರಸನು ಇರಲಿಲ್ಲ. ಬೂದಿ ಬಸಪ್ಪನ ಮುಖವಾಡವನ್ನು ಕಳಚಿದ ಮೇಲೆ ಉಳಿದುದು ಕಂದಾಯದ ಪ್ರಶ್ನೆ. ಅದಕ್ಕೆ ಉತ್ತರವಾಗಿ ಬಂದವರು ಬ್ರಿಟಿಷ್ ಕಮಿಷನರುಗಳು.

ಸಂಬಂಧಿಸಿದ ಸ್ಥಳಗಳು

ನಗರ: ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನಲ್ಲಿದೆ. ಕೆಳದಿ ಅರಸರ ಕೋಟೆಯ ಅವಶೇಷಗಳೂ ಸಮೀಪದಲ್ಲಿ ದೇವಗಂಗೆಯ ಕೊಳಗಳೂ ಇವೆ.

ತರೀಕೆರೆ: ಚಿಕ್ಕಮಗಳೂರು ಜಿಲ್ಲೆಯ ತಾಲ್ಲೂಕು ಕೇಂದ್ರ. ಪಾಳೆಯಗಾರರ ರಾಜಧಾನಿಯಾಗಿದ್ದ ಊರು.

ಅಜ್ಜಂಪುರ: ಬಹುಕಾಲ ತರೀಕೆರೆ ತಾಲ್ಲೂಕಿಗೆ ಸೇರಿದ್ದು, ಈಗ ಪ್ರತ್ಯೇಕ ತಾಲ್ಲೂಕಾಗಿದೆ. ಅಮೃತಮಹಲ್ ದನಗಳ ತಳಿ ಸಂವರ್ಧನ ಕೇಂದ್ರಕ್ಕೆ ಹೆಸರಾಗಿದೆ.

ಕಡೂರು: ಚಿಕ್ಕಮಗಳೂರು ಜಿಲ್ಲೆಗೆ ಹಿಂದೆ ತನ್ನ ಹೆಸರನ್ನು ಕೊಟ್ಟಿದ್ದ ಊರು.

ಬಸವಾಪಟ್ಟಣ ಮತ್ತು ಸಂತೆಬೆನ್ನೂರು: ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನಲ್ಲಿವೆ. ಮೊದಲನೆಯದು 1830ರ ರೈತಸಭೆಯ ಸ್ಥಳ, ಎರಡನೆಯದು ಪುಷ್ಕರಣಿಯಿಂದ ಪ್ರಸಿದ್ಧವಾದುದು.

ಪಾರಿಭಾಷಿಕ ಪದಗಳು

ಶಿಸ್ತು: ಶಿವಪ್ಪ ನಾಯಕನು ಜಾರಿಗೆ ತಂದ ಕಂದಾಯ ನಿಗದಿ.

ಶರತ್ತು: ಇಂತಿಷ್ಟು ಕಂದಾಯವನ್ನು ಸಂಗ್ರಹಿಸಿ ಕೊಡುವುದಾಗಿ ಅಮಲ್ದಾರನು ಒಪ್ಪಿಕೊಳ್ಳುತ್ತಿದ್ದ ಕರಾರು.

ಪೊಗದಿ: ಸಂಸ್ಥಾನವು ಬ್ರಿಟಿಷರಿಗೆ ಕೊಡುತ್ತಿದ್ದ ವಾರ್ಷಿಕ ಕಾಣಿಕೆಹಣ.

ಫೌಜುದಾರ: ಹಲವು ತಾಲ್ಲೂಕುಗಳ ಮೇಲ್ವಿಚಾರಣೆಯ ಅಧಿಕಾರಿ. ಅವನ ವ್ಯಾಪ್ತಿಯ ಪ್ರದೇಶವೇ ಫೌಜುದಾರಿ.

ಅಮಲ್ದಾರ: ತಾಲ್ಲೂಕಿನ ಆಡಳಿತಾಧಿಕಾರಿ.

ಕೂಟ: ಕಂದಾಯದ ಅಹವಾಲಿಗಾಗಿ ಸೇರಿದ ರೈತರ ಸಭೆ ಅಥವಾ ಗುಂಪು.

ಖಾವಂದ: ಒಡೆಯ, ಧಣಿ.